ದೀಪ ಹಚ್ಚುವ ಹೊತ್ತಿಗೆ ಮಾದಾಪುರದಿಂದ

ಕೂಡಿಗೆ, ಕೊಡಗು ರಾಜ್ಯ
ತಾ. ೧೪-೧೦-೧೯೫೪, ಗುರುವಾರ

ಪ್ರೀತಿಯ ಮಗ ಸಣ್ಣಸ್ವಾಮಿಗೆ ನಿನ್ನ ಅವ್ವ ಮನಸ್ಸು ತುಂಬಿ ಮಾಡುವ ಆಶೀರ್ವಾದ. ಇದೇ ಕಾಗದದಲ್ಲಿ ಬೈಗುಳವೂ ಇದೆ. ಆಶೀರ್ವಾದವನ್ನು ಮೊದಲು ತೆಗೆದುಕೋ.

ನಿನ್ನ ಹೊಟ್ಟೆ ಈಗ ಹೇಗಿದೆ? ಹಿರಾಕುಡ್ ಅಣೆಕಟ್ಟೆಯ ಕ್ಯಾಂಪಿನಲ್ಲಿ ಗೋಧಿ ರೊಟ್ಟಿ ತಿಂದು ತಿಂದು ಹೊಟ್ಟೆ ಕಲ್ಲಾಗಿದೆ ಎಂದು ಬರೆದಿದ್ದೆ. ರಾಗಿ ಹುರಿಹಿಟ್ಟು ಪಾರ್ಸಲ್ ಮಾಡಿ ಕಳಿಸಿದೆನಲ್ಲ, ಬಂತೋ ಇಲ್ಲವೋ ಎಂದು ಒಂದು ಸಾಲು ಬರೆಯಲು ನಿನ್ನ ಕೈ ಸವೆಯುತ್ತದೆಯೇ? ಬಂದಿದ್ದರೆ ಬೆಳಿಗ್ಗೆ ಮಜ್ಜಿಗೆಯಲ್ಲಿ ಕಲಸಿ ಕುಡಿ. ಮಜ್ಜಿಗೆ ಸಿಗದಿದ್ದರೆ ನೀರಿನಲ್ಲಾದರೂ ಕುಡಿ. ಬಿಸಿಲಲ್ಲಿ ಕಬ್ಬಿಣ ಮುಟ್ಟುವ ಕೆಲಸ ನಿನ್ನದು, ತಲೆಗೆ ಎಣ್ಣೆ ಹಾಕದೆ ಹೊರಗೆ ಹೋಗಬೇಡ. ಇಲ್ಲಿ ಗೌರಿಹಬ್ಬಕ್ಕೆ ಮೊದಲು ಕೆಂದಿ ಕರು ಹಾಕಿತು, ಹೆಣ್ಣು ಕರು, ಹಣೆಯ ಮೇಲೆ ಬಿಳಿ ಚುಕ್ಕೆ. ಗದ್ದೆಯಲ್ಲಿ ಪೈರು ಹೊಡೆ ತುಂಬುತ್ತಿದೆ. ನಾನು ಚೆನ್ನಾಗಿದ್ದೇನೆ. ಬಲಗಾಲಿನ ಮೀನಖಂಡದ ಮೇಲೆ ಒಂದು ಸುಟ್ಟ ಗಾಯ, ಎರಡೂ ಮೊಣಕೈ ತರಚಿದೆ, ಸೊಂಟ ಸ್ವಲ್ಪ ಹಿಡಿದುಕೊಂಡಿದೆ. ಗಾಬರಿಪಡಬೇಡ, ಬಚ್ಚಲಲ್ಲಿ ಜಾರಿ ಬೀಳುವ ವಯಸ್ಸು ನನಗೆ ಇನ್ನೂ ಬಂದಿಲ್ಲ. ಇವೆಲ್ಲ ಹೇಗೆ ಆದವು ಎಂದು ಹೇಳುವುದಕ್ಕೇ ಈ ಕಾಗದ ಹಿಡಿದು ಕೂತಿರುವುದು.

ಮೊದಲು ನಿನ್ನ ಕಾಗದದ ವಿಚಾರ. ಶ್ರಾವಣದಲ್ಲಿ ನೀನು ಎರಡು ಕಾಗದ ಬರೆದೆ, ಒಂದು ನಿನ್ನ ಚಿಕ್ಕಪ್ಪ ಕೃಷ್ಣಪ್ಪನಿಗೆ, ಒಂದು ನನಗೆ. ಅವನದು ಮೊದಲು ಬಂತು. ಹೀಗಾಗಿ ನನ್ನ ಮನೆಯಲ್ಲಿ ಮುಂದೆ ಏನೇನು ನಡೆಯಬೇಕು ಎನ್ನುವುದನ್ನು ನನ್ನ ಮೈದುನ ಬಂದು ನನ್ನದೇ ಜಗಲಿಯ ಮೇಲೆ ಕೂತು ನನಗೆ ತಿಳಿಸಿದ. ಮೋಟಾರ್ ಸೈಕಲ್ಲು ಕೊಟ್ಟಿಗೆಯಲ್ಲಿ ಸುಮ್ಮನೆ ತುಕ್ಕು ಹಿಡಿಯುತ್ತಿದೆ, ಆಯುಧಪೂಜೆಯ ದಿನ ಪೂಜೆ ಮಾಡಿ ಚಿಕ್ಕಪ್ಪ ತೆಗೆದುಕೊಂಡು ಹೋಗಲಿ. ಮಾದಾಪುರದ ಕಾಫಿ ತೋಟ ದೂರ, ಹೆಂಗಸು ಒಬ್ಬಳೇ ಹೋಗಿ ಬರುವ ಜಾಗವಲ್ಲ, ಅದನ್ನೂ ಅವರೇ ನೋಡಿಕೊಳ್ಳಲಿ. ಅವ್ವನಿಗೆ ವಯಸ್ಸಾಯಿತು, ಮನೆಗೆ ಬೀಗ ಹಾಕಿ ಅವರ ಮನೆಗೆ ಹೋಗಿ ಬಿಸಿ ಊಟ ಮಾಡಿಕೊಂಡು ಆರಾಮವಾಗಿ ಕೂತಿರಲಿ. ಇದೇ ತಾನೆ ನೀನು ಬರೆದದ್ದು? ಮಗನೇ, ನಾನು ಆರಾಮವಾಗಿ ಕೂತದ್ದನ್ನು ನೀನು ಯಾವತ್ತು ಕಂಡಿದ್ದೀಯ? ಬಿಸಿ ಊಟ ನನ್ನ ಒಲೆಯಲ್ಲಿ ಆಗುವುದಿಲ್ಲವೇ? ಕೃಷ್ಣಪ್ಪನ ಮೇಲೆ ನನಗೆ ಅಷ್ಟು ಸಿಟ್ಟು ಬರಲಿಲ್ಲ. ಅವನು ಕೆಟ್ಟವನಲ್ಲ, ಎದುರಿಗೆ ಇರುವ ಕೆಲಸವನ್ನೆಲ್ಲ ತಾನೇ ಮಾಡಬೇಕು, ಮಾಡಿದ್ದಕ್ಕೆ ಹತ್ತು ಜನ ಭೇಷ್ ಎನ್ನಬೇಕು ಎನ್ನುವ ಸ್ವಭಾವ. ಸಿಟ್ಟು ಬಂದದ್ದು ನಿನ್ನ ಮೇಲೆ. ನನ್ನನ್ನು ಒಂದು ಮಾತು ಕೇಳದೆ ನನ್ನನ್ನೇ ಎತ್ತಿ ಇನ್ನೊಬ್ಬರ ಮನೆಯ ಮೂಲೆಯಲ್ಲಿ ಇಟ್ಟುಬಿಟ್ಟೆಯಲ್ಲ! ಆಮೇಲೆ ನನಗೆ ಬಂದ ಕಾಗದವನ್ನು ಓದಿ ಒಲೆಗೆ ಹಾಕಿದೆ. ಆ ದಿನ ನನಗೆ ಊಟ ಸೇರಲಿಲ್ಲ.

ಆ ತೋಟ ನಿನಗೆ ಎರಡು ಎಕರೆ ಕಾಫಿ. ನನಗೆ ಏನು ಎಂದು ಹೇಳುತ್ತೇನೆ, ಕೇಳು. ಕೊಣನೂರಿನಿಂದ ನಾವು ಈ ಕೊಡಗಿಗೆ ಬಂದಾಗ ನಿನಗಿನ್ನೂ ಹಲ್ಲು ಬಂದಿರಲಿಲ್ಲ. ನಿಮ್ಮಪ್ಪ ಚಳಿಜ್ವರದಲ್ಲಿ ಗಾಡಿಯೊಳಗೆ ಹುಲ್ಲಿನ ಮೇಲೆ ಮಲಗಿದ್ದರು. ಸೇತುವೆ ದಾಟುವಾಗ ಎತ್ತಿನ ಹಗ್ಗ ಹಿಡಿದವಳು ನಾನು, ನೀನು ನನ್ನ ತೊಡೆಯ ಮೇಲೆ ಗಂಟಲು ಹರಿಯುವ ಹಾಗೆ ಅಳುತ್ತಿದ್ದೆ. ಆಮೇಲೆ ಇಲ್ಲಿ ಗದ್ದೆ ಮಾಡಿದೆವು, ಗದ್ದೆಯಲ್ಲಿ ಉಳಿದದ್ದರಿಂದ ಅವರು ಮಾದಾಪುರದ ಆ ಇಳಿಜಾರನ್ನು ತೆಗೆದುಕೊಂಡರು. ಲಂಟಾನ ಪೊದೆ ಕಡಿದು ಕೈಯೆಲ್ಲ ಗಾಯ ಮಾಡಿಕೊಂಡು ಒಂದೊಂದು ಗಿಡವನ್ನೂ ಇಬ್ಬರೂ ಸೇರಿ ನೆಟ್ಟೆವು. ಕೊನೆಗೆ ಅಲ್ಲೇ ಜ್ವರ ಹತ್ತಿ ಅಲ್ಲೇ ತೀರಿಕೊಂಡರು. ಹಲಸಿನ ಮರದ ಕೆಳಗೆ ಅವರನ್ನು ಮಣ್ಣು ಮಾಡಿದಾಗ ಮೊದಲ ಹಿಡಿ ಮಣ್ಣು ಹಾಕಿದವನು ನೀನು. ಮರೆತುಹೋಯಿತೇ? ಎತ್ತಿನ ಗಾಡಿಯಲ್ಲಿ ಹೋದರೆ ಒಂದು ಹಗಲು ಹೋಗುವುದಕ್ಕೇ ಬೇಕು, ಬಸ್ಸು ಬಂದರೆ ಬಂತು ಇಲ್ಲದಿದ್ದರೆ ಇಲ್ಲ, ರಾತ್ರಿ ಅಲ್ಲಿ ಒಬ್ಬಳೇ ತಂಗುವ ಹಾಗಿಲ್ಲ. ಇದು ನಿಜ. ನೀನು ಹೊರಟ ಮೇಲೆ ಈ ಒಂದು ವರ್ಷ ನಾನು ಅಲ್ಲಿಗೆ ಹೋದದ್ದು ಕಡಿಮೆ. ಕೃಷ್ಣಪ್ಪ ಹೇಳಿದ್ದು ಪೂರ್ತಿ ಸುಳ್ಳಲ್ಲ, ಆ ಸಂಕಟವೇ ಬೇರೆ.

ಗಣೇಶನ ಹಬ್ಬದ ದಿನ ನಮ್ಮ ಬೀದಿಯ ನಾಲ್ಕಾರು ಜನ ಜಗಲಿಯಲ್ಲಿ ಕೂತಿದ್ದಾಗ ನಾನು ಬಾಯಿಬಿಟ್ಟು ಹೇಳಿದೆ, ತೋಟ ನಾನೇ ನೋಡಿಕೊಳ್ಳುತ್ತೇನೆ ಎಂದು. ಕೃಷ್ಣಪ್ಪ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿ, “ಯಾಕತ್ಗೆ ಸುಮ್ಕೆ ಒದ್ದಾಡ್ತೀಯ? ಬೆಳಿಗ್ಗೆ ಇಲ್ಲಿಂದ ಹೊರಟು, ತೋಟ ನೋಡ್ಕಂಡು, ನಿನ್ನ ಮನೆ ದೀಪ ಹಚ್ಚೋ ಹೊತ್ಗೆ ವಾಪಸ್ಸು ಬಂದ್ಬುಡು ನೋಡಾನ. ಹಂಗೇನಾರ ಬಂದ್ರೆ ತೋಟದ ಸುದ್ದೀನೇ ನಾನು ಎತ್ತಾಕಿಲ್ಲ” ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ಕೊಟ್ಟಿಗೆಯ ಕಡೆ ಒಮ್ಮೆ ನೋಡಿದೆ. ಗೋಣಿ ಹೊದ್ದುಕೊಂಡು ನಿಂತಿದ್ದ ನಿನ್ನ ಮೋಟಾರ್ ಸೈಕಲ್ಲಿನ ಮೇಲೆ ಹೇಂಟೆಯೊಂದು ಕೂತಿತ್ತು.

ಅದನ್ನು ಮಿಲಿಟರಿ ಹರಾಜಿನಲ್ಲಿ ನಿನಗೆ ಕೊಡಿಸಿದವರು ಬೆಳ್ಳಿಯಪ್ಪನವರಲ್ಲವೇ, ಅವರ ಹತ್ತಿರವೇ ಹೋದೆ. ಯುದ್ಧದ ಕಾಲದಲ್ಲಿ ಇಂಥದ್ದೇ ಗಾಡಿಯಲ್ಲಿ ಗುಂಡುಗಳ ನಡುವೆ ಕಾಗದಪತ್ರ ಒಯ್ಯುತ್ತಿದ್ದವರು, ಇವಳು ನಗೆಪಾಟಲು ಎಂದು ಅವರಾದರೂ ಅನ್ನಲಿಕ್ಕಿಲ್ಲ ಎಂದು ಧೈರ್ಯ. ಅವರು ಅನ್ನಲಿಲ್ಲ. ಮೀಸೆ ತಿರುವಿಕೊಂಡು, “ಬೀಳ್ತೀರಿ ಅಕ್ಕಾ, ಗ್ಯಾರಂಟಿ. ಬಿದ್ದ ಮೇಲೆ ನಾಳೆ ಬರ್ತೀರೋ, ಅದು ಹೇಳಿ” ಎಂದರು. ಬರುತ್ತೇನೆ ಎಂದೆ. ಅವರ ಹೆಂಡತಿ ಬೋಜಮ್ಮ ಒಳಗಿಂದ ಬಿದಿರಿನ ಎಳೆಮೊಳಕೆ ಕಣಿಲೆಯ ಬುಟ್ಟಿ, ಕತ್ತಿ ಹಿಡಿದು ಬಂದು ಮೆಟ್ಟಿಲ ಮೇಲೆ ಕೂತರು. “ನಾನು ದಿನಾ ಇಲ್ಲೇ ಕೂತಿರ್ತೇನೆ. ಯಾರು ಎಂತ ಹೇಳ್ತಾರೆ ನೋಡುವ” ಎಂದರು. ಗಂಡ ಇಲ್ಲದವಳಿಗೆ ಇನ್ನೊಬ್ಬರ ಗಂಡ ಗಾಡಿ ಕಲಿಸಿದರೆ ಊರು ಏನೆನ್ನುತ್ತದೆ ಎಂದು ನಾನು ಹೇಳದೆಯೇ ಅವರಿಗೆ ಗೊತ್ತಾಯಿತು. ಆ ತಾಯಿಯ ಋಣ ನಾನು ತೀರಿಸಲಾರೆ. ನಮ್ಮ ಆಳು ಜವರ ಎತ್ತಿನ ಗಾಡಿಯ ಮೇಲೆ ಮೋಟಾರ್ ಸೈಕಲ್ಲನ್ನು ಹೇರಿಕೊಂಡು ಅವರ ಎಸ್ಟೇಟಿಗೆ ಸಾಗಿಸಿ, ಹಾಗೇ ಮಾದಾಪುರದ ತೋಟ ಕಾಯಲು ಹೋದ. ರಿಪೇರಿಗೆ ಕಳಿಸಿದ್ದೇನೆ, ಪೂಜೆಯ ಹೊತ್ತಿಗೆ ಬರುತ್ತದೆ ಎಂದು ಕೃಷ್ಣಪ್ಪನಿಗೆ ಹೇಳಿದೆ. ಅತ್ತಿಗೆಗೆ ಈಗ ಬುದ್ಧಿ ಬಂತು ಎಂದು ಅವನು ಖುಷಿಪಟ್ಟ.

ಬೆಳ್ಳಿಯಪ್ಪನವರ ಮನೆಯ ಹಿಂದೆ ಕಾಫಿ ಒಣಗಿಸುವ ಕಣ ಇದೆಯಲ್ಲ, ಕೊಯ್ಲು ಶುರುವಾಗುವವರೆಗೆ ಅದು ಖಾಲಿ. ಅಲ್ಲೇ ನನ್ನ ಪಾಠಶಾಲೆ. ನಾಟಿಗೆ ಇಳಿಯುವಾಗ ಕಟ್ಟುವ ಹಾಗೆ ಸೀರೆಗೆ ಕಚ್ಚೆ ಹಾಕಿದೆ. ಕಿಕ್ಕರ್ ತುಳಿಯುವುದು, ಕ್ಲಚ್ಚು ಹಿಡಿಯುವುದು, ಗೇರು ಹಾಕುವುದು ಎಲ್ಲ ಬಾಯಿಪಾಠವಾಯಿತು. ಗಾಡಿ ಹೊರಟಿತು. ಮಗನೇ, ಆ ಮೊದಲ ಸಲ ಅದು ನನ್ನನ್ನು ಹೊತ್ತುಕೊಂಡು ತಾನಾಗಿ ಮುಂದೆ ಹೋಯಿತಲ್ಲ, ನನಗೆ ಕೂಗಬೇಕು ಎನ್ನಿಸಿತು, ಕೂಗಿಯೂ ಬಿಟ್ಟೆ. ಆದರೆ ಕಣದ ಅಂಚು ಹತ್ತಿರ ಬಂತು. ಹುಟ್ಟಿದಾಗಿನಿಂದ ನಮಗೆ ಗೊತ್ತಿರುವುದು ಎತ್ತಿನ ಗಾಡಿ. ನಿಲ್ಲಿಸಬೇಕಾದರೆ ಹಗ್ಗ ಎಳೆಯಬೇಕು, ಇನ್ನೂ ನಿಲ್ಲದಿದ್ದರೆ ಇನ್ನೂ ಎಳೆಯಬೇಕು. ನಾನು “ಹೋ ಹೋ” ಎನ್ನುತ್ತ ಹ್ಯಾಂಡಲ್ಲನ್ನು ಎರಡೂ ಕೈಯಲ್ಲಿ ಎದೆಗೆ ಎಳೆದುಕೊಂಡೆ. ಎಳೆದರೆ ಬಲಗೈಯಲ್ಲಿರುವ ಆಕ್ಸಿಲೇಟರ್ ತಿರುಗುತ್ತದೆ ಎಂದು ನೆನಪಾಗಬೇಕಲ್ಲ! ಅದು ಗರ್ಜಿಸಿ ಹಾರಿತು. ನಾನು ಇನ್ನೂ ಜೋರಾಗಿ ಎಳೆದೆ, ಅದು ಇನ್ನೂ ಜೋರಾಗಿ ಓಡಿತು. ಕಣದ ಕಟ್ಟೆ ಹಾರಿ ಹೋದ ವರ್ಷದ ಕಾಫಿ ಸಿಪ್ಪೆ ಕೊಳೆಹಾಕಿದ್ದ ಗುಂಡಿಗೆ ನಾನೂ ಗಾಡಿಯೂ ಒಟ್ಟಿಗೆ ಇಳಿದೆವು. ಬೆಳ್ಳಿಯಪ್ಪನವರು ಓಡಿಬಂದು, “ಎಳೀಬೇಡಿ ಅಕ್ಕಾ, ಎಳೀಬೇಡಿ! ಇದು ಎತ್ತಲ್ಲ, ಎಳೆದ್ರೆ ನಿಲ್ಲೋದಿಲ್ಲ, ಎಳೆದ್ರೆ ಓಡೋದು!” ಎಂದು ಕೂಗುತ್ತಿದ್ದರು. ಬೋಜಮ್ಮ ಕಣಿಲೆ ಬಿಟ್ಟು ಬಿದ್ದು ಬಿದ್ದು ನಗುತ್ತಿದ್ದರು. ಮೈಯೆಲ್ಲ ಕೊಳೆತ ಸಿಪ್ಪೆಯ ನಾತ, ಸೀಗೆಪುಡಿ ಹಾಕಿ ತಿಕ್ಕಿದರೂ ಅದು ಹೋಗಲಿಲ್ಲ. ಮಾರನೆಯ ದಿನ ಮತ್ತೆ ಹೋದೆ.

ಬ್ರೇಕು ಒತ್ತುವುದು ನನಗೆ ಕಷ್ಟವಾಗಲಿಲ್ಲ. ಕೈ ಬಿಡುವುದು ಕಷ್ಟವಾಯಿತು. ಹೆದರಿಕೆ ಆದ ಕೂಡಲೆ ನನ್ನ ಕೈ ತಾನಾಗಿ ಬಿಗಿಯಾಗುತ್ತದೆ, ಎಳೆಯುತ್ತದೆ. ನಿಮ್ಮಪ್ಪ ಹೋದ ಮೇಲಂತೂ ಸಿಕ್ಕಿದ್ದನ್ನೆಲ್ಲ ಬಿಗಿಯಾಗಿ ಹಿಡಿದುಕೊಂಡೇ ಬದುಕಿದವಳು ನಾನು, ಒಂದೇ ದಿನಕ್ಕೆ ಕೈ ಹೇಗೆ ಬದಲಾಗಬೇಕು? ಆ ಗುಂಡಿಗೆ ಎಷ್ಟು ಸಲ ಇಳಿದೆನೋ ಲೆಕ್ಕ ಇಟ್ಟಿಲ್ಲ. ಮಳೆ ಬಿಟ್ಟಾಗಲೆಲ್ಲ ಓಡಿಸಿದೆ, ಮಳೆ ಬಂದಾಗ ಬೆಳ್ಳಿಯಪ್ಪನವರು ಜಗಲಿಯ ಮೇಲೆ ಗಾಡಿ ಬಿಚ್ಚಿ ತೋರಿಸುತ್ತಿದ್ದರು. ಪ್ಲಗ್ಗು ಬಿಚ್ಚಿ ಮಸಿ ಕೆರೆದು ಹಾಕುವುದು ಕಲಿತೆ. ಈ ಗಾಡಿಗೆ ಬೀಗದ ಕೈ ಇಲ್ಲವೆಂದು ನಿನಗೆ ಗೊತ್ತಲ್ಲ. “ಪ್ಲಗ್ಗು ಬಿಚ್ಚಿ ಕಿಸೆಯಲ್ಲಿ ಇಟ್ಟುಕೊಳ್ಳಿ ಅಕ್ಕಾ, ಮತ್ತೆ ದೇವರು ಬಂದ್ರೂ ಓಡಿಸಲಿಕ್ಕೆ ಆಗೋದಿಲ್ಲ. ಪಟಾಲಮ್ಮಿನಲ್ಲಿ ನಾವು ಹಾಗೇ ಮಾಡ್ತಾ ಇದ್ದದ್ದು” ಎಂದರು. ಆ ಮಾತು ನನಗೆ ಬಹಳ ಹಿಡಿಸಿತು. ಮಹಾಲಯ ಅಮಾವಾಸ್ಯೆ ಕಳೆದ ಮೇಲೆ ಅವರು ನನ್ನನ್ನು ಎಸ್ಟೇಟಿನ ರಸ್ತೆಗೆ ಬಿಟ್ಟರು. ಕೂಲಿಯವರ ಲೈನಿನ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತು ನೋಡಿದರು.

ಆಯುಧಪೂಜೆಗೆ ಮುಂಚಿನ ದಿನ ಬೆಳ್ಳಿಯಪ್ಪನವರೇ ಗಾಡಿಯನ್ನು ತಂದು ನಮ್ಮ ಅಂಗಳದಲ್ಲಿ ನಿಲ್ಲಿಸಿ ಹೋದರು. ಅವರು ಬೆನ್ನು ತಿರುಗಿಸಿದ ಕೂಡಲೆ ನಾನು ಪ್ಲಗ್ಗು ಬಿಚ್ಚಿ ನನ್ನ ಎಲೆಯಡಿಕೆ ಚೀಲದಲ್ಲಿ ಹಾಕಿಕೊಂಡೆ. ಬೆಳಿಗ್ಗೆ ಕೃಷ್ಣಪ್ಪ ಹೊಸ ಪಂಚೆ ಉಟ್ಟು, ಚೆಂಡುಹೂವಿನ ಹಾರ, ಬೂದುಗುಂಬಳ, ನಿಂಬೆಹಣ್ಣು ಹಿಡಿದು ಬಂದ. ಅವನ ಹೆಂಡತಿ ಕಮಲ ಆರತಿ ತಟ್ಟೆ ತಂದಳು. ಬೀದಿಯವರೂ ಸೇರಿದರು. ಒಂದು ವಿಷಯ ಹೇಳಲೇಬೇಕು, ಕೃಷ್ಣಪ್ಪನಿಗೆ ಮೋಟಾರ್ ಸೈಕಲ್ ಓಡಿಸಲು ಬರುವುದಿಲ್ಲ. ಸೈಕಲ್ ಬರುತ್ತದೆ, ಸೈಕಲ್ ಬಂದರೆ ಇದೂ ಬಂದ ಹಾಗೆ ಎನ್ನುತ್ತಾನೆ. ಆ ಮಾತಿಗೆ ನಮ್ಮ ಬೀದಿಯಲ್ಲಿ ಯಾರೂ ನಗಲಿಲ್ಲ. ಮುಂದಿನ ಚಕ್ರಕ್ಕೊಂದು, ಹಿಂದಿನ ಚಕ್ರಕ್ಕೊಂದು ನಿಂಬೆಹಣ್ಣು ಇಟ್ಟು ಪೂಜೆ ಮುಗಿಸಿ, ಇನ್ನು ತಳ್ಳಿಕೊಂಡು ಹೋಗೋಣ ಎಂದು ಅವನು ಹ್ಯಾಂಡಲ್ಲಿಗೆ ಕೈ ಇಡುವ ಹೊತ್ತಿಗೆ ನಾನು ಒಳಗಿಂದ ಬಂದೆ, ಕಚ್ಚೆ ಹಾಕಿ, ತಲೆಗೆ ನಿಮ್ಮಪ್ಪನ ಟವಲು ಸುತ್ತಿ. ಅವನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಚೀಲದಿಂದ ಪ್ಲಗ್ಗು ತೆಗೆದು ಸ್ಪ್ಯಾನರಿನಲ್ಲಿ ತಿರುಗಿಸಿ ಹಾಕಿದೆ. ಬೀದಿ ತುದಿಯ ಹಿರಿಯರೊಬ್ಬರು, “ಗಂಡ ಇಲ್ದೋಳು ಪೂಜೆ ಮಾಡಿದ ಗಾಡಿಗೆ ಮೊದ್ಲು ಹತ್ತಬಾರ್ದು ಕಣವ್ವ” ಎಂದರು. ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. “ನಾನು ನೆಟ್ಟ ಭತ್ತ ಉಣ್ಣೋವಾಗ ಇದು ನೆನಪಾಗ್ಲಿಲ್ವಾ ದೊಡ್ಡಪ್ಪಾ?” ಎಂದು ಕೇಳಿಬಿಟ್ಟೆ. ಕೃಷ್ಣಪ್ಪನಿಗೆ ಹೇಳಿದೆ, ಮಾದಾಪುರಕ್ಕೆ ಹೋಗುತ್ತೇನೆ, ದೀಪ ಹಚ್ಚುವ ಹೊತ್ತಿಗೆ ಬರುತ್ತೇನೆ, ನೀನು ಹೇಳಿದ ಮಾತು ಇವರೆಲ್ಲರ ಕಿವಿಯಲ್ಲಿದೆ ಎಂದು. ಅವನು ಬಾಯಿ ತೆರೆಯುವುದರೊಳಗೆ ಕಿಕ್ಕರ್ ತುಳಿದೆ. ದೇವರ ದಯೆ, ಮೊದಲ ತುಳಿತಕ್ಕೇ ಹೊತ್ತಿಕೊಂಡಿತು. ತಟ್ಟೆಯಲ್ಲಿ ಉಳಿದಿದ್ದ ಒಂದು ನಿಂಬೆಹಣ್ಣನ್ನು ಕಮಲ ತಾನಾಗಿಯೇ ನನ್ನ ಕೈಗೆ ಕೊಟ್ಟಳು. ಮುಂದಿನ ಹಣ್ಣು ಪಚಕ್ಕೆಂದಿತು, ಹಿಂದಿನದೂ ಪಚಕ್ಕೆಂದಿತು, ನಾನು ರಸ್ತೆಗೆ ಬಿದ್ದೆ.

ಲೈಸೆನ್ಸ್ ಇಲ್ಲದೆ ಹೋದೆ, ಹೌದು. ಮಡಿಕೇರಿಗೆ ಹೋಗಿ ಕೇಳುತ್ತೇನೆ, ಹೇಗೆ ಕೊಡುವುದಿಲ್ಲವೋ ನೋಡುತ್ತೇನೆ. ಕುಶಾಲನಗರದ ಪೇಟೆಯಲ್ಲಿ ಅಂಗಡಿಯವರೆಲ್ಲ ಹೊರಗೆ ಬಂದು ನೋಡಿದರು. ನಿಲ್ಲಿಸಿದರೆ ಮತ್ತೆ ಹೊರಡಿಸಬೇಕಲ್ಲ ಎಂದು ಯಾರಿಗೂ ತಲೆ ಕೂಡ ಆಡಿಸದೆ ಹೋದೆ. ಸುಂಟಿಕೊಪ್ಪದ ತನಕ ಏನೂ ತೊಂದರೆ ಆಗಲಿಲ್ಲ. ಬಲಕ್ಕೆ ತಿರುಗಿ ಮಾದಾಪುರದ ದಾರಿ ಹಿಡಿದ ಮೇಲೆ ಏರು, ತಿರುವು, ಎರಡೂ ಕಡೆ ಎಸ್ಟೇಟು. ಒಂದು ತಿರುವಿನಲ್ಲಿ ಮರದ ದಿಮ್ಮಿ ಹೇರಿದ ಲಾರಿ ರಸ್ತೆ ತುಂಬ ಇಳಿದುಬಂತು. ನನ್ನ ಎರಡು ಕೈಯೂ ಎಳೆ ಎಳೆ ಎಂದವು. ಆ ಕ್ಷಣದಲ್ಲಿ ಎಳೆದಿದ್ದರೆ ಈ ಕಾಗದ ಬರೆಯುವವಳು ಇರುತ್ತಿರಲಿಲ್ಲ. ಹಲ್ಲು ಕಚ್ಚಿ ಕೈ ಸಡಿಲ ಬಿಟ್ಟೆ, ಕಾಲಲ್ಲಿ ಬ್ರೇಕು ಒತ್ತಿದೆ, ಗಾಡಿ ಚರಂಡಿಯ ಅಂಚಿನಲ್ಲಿ ಒರಗಿ ನಿಂತು ಆರಿಹೋಯಿತು. ಮೀನಖಂಡ ಸುಟ್ಟದ್ದು ಆಗಲೇ, ಸೈಲೆನ್ಸರಿಗೆ ತಗಲಿ. ಲಾರಿಯ ಡ್ರೈವರು ಮಲೆಯಾಳಿ, “ಅಯ್ಯೋ ಚೇಚಿ!” ಎಂದು ತಲೆಯ ಮೇಲೆ ಕೈ ಇಟ್ಟುಕೊಂಡು ಹೋದ. ಏರಿನಲ್ಲಿ ಎಷ್ಟು ತುಳಿದರೂ ಗಾಡಿ ಹೊರಡಲಿಲ್ಲ. ರಸ್ತೆಯ ಬದಿಯಲ್ಲಿ ಕೂತು ಸ್ವಲ್ಪ ಹೊತ್ತು ಅತ್ತೆ, ನಿನ್ನಲ್ಲಿ ಮುಚ್ಚಿಡುವುದು ಏನಿದೆ. ಅತ್ತು ಮುಗಿದ ಮೇಲೆ ಗಾಡಿಯನ್ನು ಇಳಿಜಾರಿಗೆ ಮುಖ ಮಾಡಿ, ಕ್ಲಚ್ಚು ಹಿಡಿದು ಉರುಳಲು ಬಿಟ್ಟು, ಗೇರಿಗೆ ಹಾಕಿ ಕ್ಲಚ್ಚು ಬಿಟ್ಟೆ. ಕೆಮ್ಮಿ ಕೆಮ್ಮಿ ಹೊತ್ತಿಕೊಂಡಿತು. ಕೆಳಗೆ ಅಗಲ ಜಾಗದಲ್ಲಿ ತಿರುಗಿಸಿಕೊಂಡು ಅದೇ ಏರನ್ನು ಮತ್ತೆ ಹತ್ತಿದೆ.

ತೋಟದಲ್ಲಿ ಜವರ ಸದ್ದು ಕೇಳಿ ನೀನೇ ಬಂದೆ ಎಂದು ಓಡಿಬಂದಿದ್ದಾನೆ. ನನ್ನನ್ನು ಕಂಡು ನನ್ನ ಬೆನ್ನ ಹಿಂದೆ ನೋಡಿದ, ಗಾಡಿಯ ಆ ಕಡೆ ಹೋಗಿ ನೋಡಿದ, “ಓಡುಸ್ಕಂಡು ಬಂದೋರು ಎಲ್ಲಿ ಅವ್ವಾ?” ಎಂದ. ನಾನೇ ಕಣೋ ಎಂದೆ. ಅವನು ಇನ್ನೊಮ್ಮೆ ರಸ್ತೆಯ ಕಡೆ ನೋಡಿಬಂದ! ಕಾಫಿ ಈ ಸಲ ಕಾಯಿ ಚೆನ್ನಾಗಿ ಕಟ್ಟಿದೆ, ಆದರೆ ಮೇಲಿನ ಪಟ್ಟಿಯಲ್ಲಿ ಕಳೆ ಎದೆಮಟ್ಟ ಬೆಳೆದಿದೆ, ನೆರಳಿನ ಮರ ಸವರದೆ ಗಿಡಕ್ಕೆ ಗಾಳಿ ಇಲ್ಲ. ಕಳೆಗೆ ಜನ ಹೇಳಿದೆ, ಕೊಯ್ಲಿಗೆ ಪಕ್ಕದ ಲೈನಿನ ಹೆಂಗಸರ ಹತ್ತಿರ ಮಾತಾಡಿದೆ. ಆಮೇಲೆ ಹಲಸಿನ ಮರದ ಕೆಳಗೆ ಹೋದೆ. ಒಣಗಿದ ಎಲೆ ಗುಡಿಸಿ ಕಮಲ ಕೊಟ್ಟ ನಿಂಬೆಹಣ್ಣನ್ನು ಅಲ್ಲಿ ಇಟ್ಟೆ. “ಗಾಡಿ ಹೊಡ್ಕಂಡು ಬಂದಿದೀನಿ ಕಣ್ರೀ, ಅವತ್ತು ನೀವು ಜ್ವರದಲ್ಲಿ ಮಲಗಿದ್ರಲ್ಲ, ಅವತ್ತಿನ ಹಂಗೆ” ಎಂದು ಜೋರಾಗಿಯೇ ಹೇಳಿದೆ. ಜವರ ಕೇಳಿಸಿಕೊಂಡು ಮುಖ ಆ ಕಡೆ ತಿರುಗಿಸಿದ.

ಬರುವಾಗ ಮಳೆ ಹಿಡಿಯಿತು. ಸುಂಟಿಕೊಪ್ಪಕ್ಕೆ ಬರುವ ಮೊದಲು ಕೆಸರಿನಲ್ಲಿ ಜಾರಿ ಬಿದ್ದು ಮೊಣಕೈ ತರಚಿತು, ಗಾಡಿ ಎತ್ತಲು ಎಸ್ಟೇಟಿನ ಕೂಲಿ ಹೆಂಗಸರಿಬ್ಬರು ಬಂದರು. ಹೊತ್ತು ಕೈಮೀರಿ ಹೋಗುತ್ತಿತ್ತು. ಕುಶಾಲನಗರದಲ್ಲಿ ಅಂಗಡಿಗಳಿಗೆಲ್ಲ ದೀಪ ಬಿದ್ದದ್ದನ್ನು ನೋಡಿ ಆಕ್ಸಿಲೇಟರನ್ನು ಇನ್ನಷ್ಟು ತಿರುಗಿಸಿದೆ. ಇಷ್ಟು ಮಾಡಿಯೂ ಮಾತಿನಲ್ಲಿ ಸೋತೆನಲ್ಲ ಎಂದು ಗಾಡಿಯ ಮೇಲೆಯೇ ನನ್ನನ್ನು ನಾನೇ ಬೈದುಕೊಂಡೆ. ಕೂಡಿಗೆಯ ಬೀದಿಗೆ ಬಂದಾಗ ಎಲ್ಲರ ಮನೆಯ ದೀಪವೂ ಹತ್ತಿತ್ತು. ನಮ್ಮ ಮನೆ ಮಾತ್ರ ಕತ್ತಲು. ಜಗಲಿಯ ಮೇಲೆ ಬೆಳಗಿನ ಜನ ಹಾಗೇ ಕೂತಿದ್ದರು. ಕೃಷ್ಣಪ್ಪ ಎದ್ದು ನಿಂತು, “ಹೊತ್ತಾಗೋಯ್ತಲ್ಲ ಅತ್ಗೆ, ದೀಪ ಹಚ್ಚೋ ಹೊತ್ತು ದಾಟೋಯ್ತು” ಎಂದ. ಆಗ ಕಮಲ ಹೊಸ್ತಿಲಲ್ಲಿ ಕೂತಿದ್ದವಳು ಬೆಂಕಿಪೊಟ್ಟಣ ಹಿಡಿದು ಎದ್ದಳು. “ನಿನ್ನ ಮನೆ ದೀಪ ಅಂದಿದ್ರಿ ನೀವು. ಈ ಮನೆ ದೀಪ ಇನ್ನೂ ಹಚ್ಚಿಲ್ವಲ್ಲ. ಹಚ್ಚೋಳು ಈಗ ಬಂದವ್ಳೆ” ಎಂದಳು. ಆಮೇಲೆ ತಿಳಿಯಿತು, ಸಂಜೆಯಿಂದ ಕೃಷ್ಣಪ್ಪ ಅವಳಿಗೆ ದೀಪ ಹಚ್ಚು ದೀಪ ಹಚ್ಚು ಎಂದು ಹೇಳಿ ಹೇಳಿ ಸಾಕಾಗಿದ್ದನಂತೆ. ಮನೆಯವಳು ಬದುಕಿರುವಾಗ ಬೇರೆಯವಳು ಬಂದು ಆ ಮನೆಯ ಸಂಜೆದೀಪ ಹಚ್ಚಿದರೆ ಎರಡು ಮನೆಗೂ ಒಳ್ಳೆಯದಲ್ಲ, ನಾನು ಮುಟ್ಟುವುದಿಲ್ಲ ಎಂದು ಹಟ ಹಿಡಿದು ಕೂತಿದ್ದಳಂತೆ. ಗಂಡಸರು ತಾವೇ ಹಚ್ಚುವ ಹಾಗಿಲ್ಲ. ಅಷ್ಟು ಜನರಲ್ಲಿ ಒಬ್ಬರೂ ಅವಳು ಹೇಳಿದ್ದು ತಪ್ಪು ಎನ್ನಲಾರದೆ ಕತ್ತಲಲ್ಲಿ ಕೂತಿದ್ದರು. ಮದುವೆಯಾಗಿ ಬಂದಾಗಿನಿಂದ ನಾಲ್ಕು ಜನರ ಮುಂದೆ ಬಾಯಿ ತೆರೆಯದ ಹುಡುಗಿ, ನಾನು ಅವಳನ್ನು ಮಂಕು ಎಂದುಕೊಂಡಿದ್ದೆ.

ನಾನು ಕಾಲು ತೊಳೆದು ಒಳಗೆ ಹೋಗಿ ದೇವರ ಮುಂದೆ ದೀಪ ಹಚ್ಚಿದೆ. ಮಳೆಗೆ ಒದ್ದೆಯಾದ ಕೈ, ಮೂರು ಕಡ್ಡಿ ಹಾಳಾಯಿತು. ಹೊರಗೆ ಬಂದು ಎಲ್ಲರಿಗೂ ಕಾಫಿ ಕೊಟ್ಟೆ. ಕೃಷ್ಣಪ್ಪ ಕಾಫಿ ಕುಡಿದು ಲೋಟ ಕೆಳಗಿಟ್ಟ. ಆಮೇಲೆ ಎದ್ದು ಮೋಟಾರ್ ಸೈಕಲ್ಲಿನ ಹತ್ತಿರ ಹೋಗಿ ಹಿಂದಿನ ಚಕ್ರವನ್ನು ಹೆಬ್ಬೆರಳಿನಿಂದ ಒತ್ತಿ, “ಗಾಳಿ ಕಮ್ಮಿ ಐತೆ ಅತ್ಗೆ, ನಾಳೆ ಪಂಪು ತತ್ತೀನಿ” ಎಂದ. ತೋಟದ ಸುದ್ದಿ ಅವನು ಆಮೇಲೆ ಎತ್ತಿಲ್ಲ. ಆದರೆ ನಿನ್ನ ಕಾಗದ ಇನ್ನೂ ಅವನ ಪೆಟ್ಟಿಗೆಯಲ್ಲಿದೆ. ಮಗನೇ ಬರೆದುಕೊಟ್ಟಿದ್ದಾನಲ್ಲ ಎಂದು ನಾಳೆ ಯಾರಾದರೂ ಅವನ ತಲೆಗೆ ತುಂಬಿದರೆ ನಾನು ಯಾರ ಹತ್ತಿರ ಜಗಳ ಆಡಲಿ? ಅವನ ಹತ್ತಿರವೋ ನಿನ್ನ ಹತ್ತಿರವೋ? ನಾನು ಈ ಮನೆಗೆ ಬೀಗ ಹಾಕುವುದಿಲ್ಲ. ಬೇರೆ ಮನೆಯ ಮೂಲೆಯಲ್ಲಿ ಕೂರುವುದಿಲ್ಲ. ಅವ್ವನಿಗೆ ವಯಸ್ಸಾಯಿತು ಎಂದು ಇನ್ನೊಂದು ಸಲ ಬರೆದರೆ ಹಿರಾಕುಡ್ಡಿಗೇ ಬಂದು ಕಿವಿ ಹಿಂಡುತ್ತೇನೆ, ದಾರಿ ಕೇಳಿಕೊಂಡು ಬರಲು ನನಗೆ ಬಾಯಿ ಇದೆ, ಈಗ ಗಾಡಿಯೂ ಇದೆ.

ಬೆಳ್ಳಿಯಪ್ಪನವರು, ಬೋಜಮ್ಮನವರು ನಿನ್ನನ್ನು ಕೇಳಿದರು ಎಂದು ಬರೆಯಲು ಹೇಳಿದ್ದಾರೆ. ಜವರ ನಿನಗೆ ನಮಸ್ಕಾರ ಹೇಳಿದ್ದಾನೆ. ಕೆಂದಿಯ ಕರುವಿಗೆ ನೀನೇ ಹೆಸರಿಡು. ಹುರಿಹಿಟ್ಟಿನ ವಿಚಾರ ಮರೆಯದೆ ಬರೆ. ಮೈಮೇಲೆ ಗಮನ ಇರಲಿ, ಎತ್ತರದಲ್ಲಿ ಕೆಲಸ ಮಾಡುವಾಗ ಹಗ್ಗ ಕಟ್ಟಿಕೋ. ತಾಯಿ ಕಾವೇರಿ ನಿನ್ನನ್ನು ಆ ದೊಡ್ಡ ನದಿಯ ದಡದಲ್ಲೂ ಕಾಯಲಿ.

ನಿನ್ನ ಅವ್ವ,
ವನಜಮ್ಮ

ಒಂದು ಮಾತು ಮರೆತಿದ್ದೆ, ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಈ ವಾರದಿಂದ ಕಮಲ ಪ್ರತಿ ಸೋಮವಾರ ಬೋಜಮ್ಮನವರ ಮನೆಗೆ ಕಣಿಲೆ ಹೆಚ್ಚಲು ನನ್ನ ಜೊತೆ ಬರುತ್ತಾಳೆ ಎಂದು ಕೃಷ್ಣಪ್ಪ ತಿಳಿದಿದ್ದಾನೆ. ಕಣಿಲೆಯ ಕಾಲ ಮುಗಿದು ಎಷ್ಟು ದಿನವಾಯಿತು ಎಂದು ಅವನಿಗೆ ಹೊಳೆದಿಲ್ಲ, ನೀನೂ ಹೇಳಬೇಡ. ಅವಳೂ ಆ ಕಣದಲ್ಲಿ ಹ್ಯಾಂಡಲ್ ಎಳೆಯುತ್ತಾಳೆ. ಈ ಕಾಗದ ನಿನಗೆ ತಲುಪಿದ ದಿನವೇ ನಿನ್ನ ಚಿಕ್ಕಪ್ಪನಿಗೆ ನಿನ್ನ ಕೈಯಾರ ಬರೆ: ತೋಟವೂ ಗಾಡಿಯೂ ಅವ್ವನ ಸುಪರ್ದಿಯಲ್ಲಿ ಇರುತ್ತವೆ, ಮೊದಲು ಬರೆದದ್ದು ನನ್ನ ತಪ್ಪು ಎಂದು. ನೀನು ಬರೆದರೂ ಬರೆಯದಿದ್ದರೂ ಪ್ಲಗ್ಗು ನನ್ನ ಎಲೆಯಡಿಕೆ ಚೀಲದಲ್ಲೇ ಇರುತ್ತದೆ. ಯುಗಾದಿಗೆ ರಜೆ ಸಿಕ್ಕಿದರೆ ಬಾ, ಕುಶಾಲನಗರದ ಬಸ್ ಸ್ಟ್ಯಾಂಡಿಗೆ ನಾನೇ ಬರುತ್ತೇನೆ, ಹಿಂದೆ ಗೋಣಿ ಮಡಚಿ ಕಟ್ಟಿದ್ದೇನೆ. ಓಡಿಸಬೇಕು ಎನ್ನಿಸಿದರೆ ನನ್ನನ್ನು ಕೇಳಬೇಕು. ಹಿಂದೆ ಕೂರುವುದಾದರೆ ಕೇಳಬೇಕಾಗಿಲ್ಲ.